ನಟ್ಟಿನ ಮೇಲಿನ ಬೊಟ್ಟು

ಒಂಬತ್ತನೇ ಕಂತು

"ಇದು ಸುಮ್ಮನೆ ಮುರಿದದ್ದಲ್ಲ ಬಾಯಮ್ಮ. ಮೊದಲು ತಿರುಚಿದ್ದು. ಮುರಿದದ್ದು ಮತ್ತೆ."

ದೇಜಪ್ಪಣ್ಣ ಆ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿನ ಬೆಳಕಿಗೆ ತಂದರು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಆಕ್ಸಲ್ ಶಾಫ್ಟಿನ ಅರ್ಧ ತುಂಡು ಅದು. ತುದಿಯಲ್ಲಿ ನೆಟ್ಟಗೆ ಇರಬೇಕಾಗಿದ್ದ ಹಲ್ಲುಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ಓರೆಯಾಗಿ ಸುತ್ತಿಕೊಂಡಿದ್ದವು.

ನಾನು ಈ ಅರಬಿ ದೇಶದ ಗ್ಯಾರೇಜು ಪೇಟೆಯಾದ ರಾಯ್‌ನ ಆ ಗ್ಯಾರೇಜಿನ ನೆಲದಲ್ಲಿ ಹಳೆಯ ಅರಬಿ ಪೇಪರ್ ಹಾಸಿಕೊಂಡು ಕುಳಿತಿದ್ದೆ. ಫೆಲ್ಸಿ ಮೇಡಂ ಎಂದರೆ ಆಫೀಸಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಇಲ್ಲಿ ಏಳುವುದಕ್ಕೆ ನನ್ನ ಮೊಣಕಾಲಿಗೇ ಒಬ್ಬರ ಸಹಾಯ ಬೇಕಾಗಿತ್ತು. ದೇಜಪ್ಪಣ್ಣನಿಗೆ ನಾನು ಬಾಯಮ್ಮ, ಊರ ಕಡೆ ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆ.

ಹತ್ತು ದಿನದ ಹಿಂದೆ ರುಮೈಥಿಯಾ ಬಡಾವಣೆಯಲ್ಲಿ, ಈ ಗ್ಯಾರೇಜಿನ ಗಿರಾಕಿಯಾದ ಅರಬಿ ಸುಹೈಬ್ ಅವರ ಕೆಂಪು ಕಾರಿನ ಈ ಶಾಫ್ಟು ತುಂಡಾಗಿ, ಬ್ರೇಕಿನ ಪೈಪನ್ನೂ ಹರಿದು, ಕಾರು ಫುಟ್‌ಪಾತ್ ಹತ್ತಿತ್ತು. ಸುಹೈಬ್ ಅವರ ಭುಜದ ಮೂಳೆ ಮುರಿಯಿತು. ಮನೆಕೆಲಸಕ್ಕೆ ನಡೆದು ಹೋಗುತ್ತಿದ್ದ ಉಳ್ಳಾಲದ ಪಾತು ಎಂಬ ಹೆಂಗಸಿನ ಕಾಲು ಮುರಿಯಿತು.

ತಪ್ಪು ಯಾರದ್ದು ಎಂದು ನೋಡಿ ವಿಮಾ ಕಂಪೆನಿಗೆ ಬರೆದು ಕೊಡುವುದು ನನ್ನ ಕೆಲಸ. ವರದಿ ನಾಳೆ, ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಹೋಗಬೇಕು. ಶುಕ್ರವಾರ ಬೆಳಿಗ್ಗೆ ದೇಜಪ್ಪಣ್ಣನ ವಿಮಾನ. ಮೂವತ್ತೊಂದು ವರ್ಷ ಈ ಊರಿನ ಕಾರುಗಳ ಹೊಟ್ಟೆಯಡಿ ಮಲಗಿದ ಮನುಷ್ಯ ಪೂರ್ತಿಯಾಗಿ ಹೊರಟು ನಿಂತಿದ್ದಾರೆ. ಗ್ಯಾರೇಜಿನ ಕೆಲಸ ಕೆಟ್ಟು ಅಪಘಾತವಾಯಿತು ಎಂದಾದರೆ ಕೇಸು ಅವರ ತಲೆಗೆ, ಕೇಸು ಮುಗಿಯುವ ತನಕ ದೇಶ ಬಿಡುವಂತಿಲ್ಲ. ಅದು ಒಂದು ವರ್ಷವೂ ಆಗಬಹುದು, ನಾಲ್ಕೂ ಆಗಬಹುದು.

"ಯಾವ ಕೆಲಸಕ್ಕೆ ಇದು ಹೀಗೆ ತಿರುಚುತ್ತೆ?" ಎಂದು ಕೇಳಿದೆ.

ಅವರು ಮೇಜಿಗೆ ಬಿಗಿದ ಇಕ್ಕಳಕ್ಕೆ ಒಂದು ತುಕ್ಕು ಬೋಲ್ಟು ಸಿಕ್ಕಿಸಿ, ನನ್ನ ಕೈಗೆ ಒಂದು ಗಿಡ್ಡ ಸ್ಪಾನರ್ ಕೊಟ್ಟರು.

"ತಿರುಗಿಸಿ ನೋಡ್ವ."

ಎದ್ದು, ಹಲ್ಲು ಕಚ್ಚಿ ತಿರುಗಿಸಿದೆ. ಸ್ಪಾನರ್ ಜಾರಿ ನನ್ನ ಬಳೆ ಮೇಜಿಗೆ ತಾಗಿತು. ಬೋಲ್ಟು ಜಪ್ಪಯ್ಯ ಎನ್ನಲಿಲ್ಲ.

"ಈಗ ಇದು ಹಿಡೀರಿ."

ಎರಡನೆಯದು ನನ್ನ ಮೊಣಕೈಯಷ್ಟು ಉದ್ದ. ಒಂದು ಸಲ ಎಳೆದೆ, ಅಷ್ಟೆ. ಟಕ್ ಎಂದು ಬೋಲ್ಟಿನ ತಲೆ ಹಾರಿ ನೆಲಕ್ಕೆ ಬಿತ್ತು. ನನಗೆ ಗಾಬರಿಯೂ ಆಯಿತು, ಸ್ವಲ್ಪ ಜಂಬವೂ ಬಂತು.

"ರಸ್ತೆಯೂ ಹಾಗೇ ಬಾಯಮ್ಮ," ಎಂದರು ದೇಜಪ್ಪಣ್ಣ. "ಎಂಜಿನ್ ಟಯರನ್ನು ತಿರುಗಿಸ್ಲಿಕ್ಕೆ ನೋಡ್ತದೆ, ರಸ್ತೆ ಹಿಡಿದು ನಿಲ್ಲಿಸ್ತದೆ. ನಡುವಿನಲ್ಲಿ ಸಿಕ್ಕಿ ಬೀಳುದು ಈ ಪಾಪದ ಶಾಫ್ಟ್. ಚಕ್ರ ಸಣ್ಣದಾದ್ರೆ ರಸ್ತೆಯ ಕೈಯಲ್ಲಿ ಇರುದು ಗಿಡ್ಡ ಸ್ಪಾನರ್. ದೊಡ್ಡದಾದ್ರೆ ಉದ್ದದ್ದು."

"ಹಾಗಾದ್ರೆ ದೊಡ್ಡ ಚಕ್ರ ಹಾಕಿದ ಕಾರೆಲ್ಲ ಮುರಿಯಬೇಕಲ್ಲ?"

"ಮೆಲ್ಲ ಹೋದ್ರೆ ಎಂತ ಆಗುದಿಲ್ಲ. ನಿಂತಲ್ಲಿಯೇ ಎಂಜಿನ್ ರೇಸ್ ಮಾಡಿ, ಪಕ್ಕನೆ ಕ್ಲಚ್ ಬಿಟ್ಟು ಎಗರಿಸ್ತಾರಲ್ಲ, ಆವಾಗ ಉಂಟು ಮಜಾ. ಸಣ್ಣ ಟಯರಾದ್ರೆ ಅಲ್ಲಿಯೇ ಗರಗರ ತಿರುಗ್ತದೆ, ಹೊಗೆ ಬರ್ತದೆ. ಪೆಟ್ಟೆಲ್ಲ ಹೊಗೆಯಲ್ಲಿ ಹೋಯ್ತು. ಎತ್ತರದ್ದು, ಅಗಲದ್ದು ಹಾಕಿದ್ರೆ ಅದು ಜಾರುದಿಲ್ಲ ಮಾರಾಯ್ರೆ. ಭಾರ ಬೇರೆ. ಪೆಟ್ಟು ಪೂರಾ ಒಳಗೆ. ಕ್ಲಚ್ ಸುಡ್ತದೆ, ಇದು ತಿರುಚ್ತದೆ. ಅವತ್ತೇ ಮುರೀಬೇಕು ಅಂತ ಇಲ್ಲ. ಒಂದು ವಾರ ಬಿಟ್ಟು ಹಾಲು ತರ್ಲಿಕ್ಕೆ ಹೋದಾಗಲೂ ಮುರೀಬಹುದು."

ಮೂಲೆಯ ತಟ್ಟೆಯಲ್ಲಿ ಆ ಕಾರಿನ ಕ್ಲಚ್ ಬಿಚ್ಚಿಟ್ಟಿದ್ದರು. ಸುಟ್ಟ ವಾಸನೆ ಇನ್ನೂ ಇತ್ತು. ಲೋಹದ ಮೇಲೆ ಅಲ್ಲಲ್ಲಿ ನೀಲಿ ಕಲೆ.

"ಅದು ಕಂಪೆನಿಯಿಂದ ಬಂದ ಪ್ಲೇಟೇ. ನಂಬರ್ ನೋಡಿ ಬೇಕಾದ್ರೆ. ಆಕ್ಸಿಡೆಂಟ್ ಆಗುವ ಮೊದಲು ನಾನು ಗೇರ್‌ಬಾಕ್ಸ್ ಮುಟ್ಟಲೇ ಇಲ್ಲ."

ನಾನು ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆಯುತ್ತಿದ್ದವಳು ನಿಂತೆ.

"ಮುಟ್ಟಲೇ ಇಲ್ವಾ? ಹೋದ ವಾರ ನನ್ನ ಮುಂದೆ ಕೂತು ನೀವೇ ಹೇಳಿದ್ದಲ್ಲ ದೇಜಪ್ಪಣ್ಣ? ಡಿಸ್ಕ್ ಬದಲಿಸಿದ್ದು ನಾನೇ ಅಂತ."

"ಹೌದು. ಡಿಸ್ಕ್," ಎಂದು ಅವರು ಗೋಡೆಗೆ ಒರಗಿಸಿಟ್ಟಿದ್ದ ಬೇರೊಂದು ಕಾರಿನ ಚಕ್ರಕ್ಕೆ ಅಂಗೈಯಿಂದ ತಟ್ಟಿದರು.

"ಕ್ಲಚ್ಚಿನ ಡಿಸ್ಕ್ ಅಲ್ವಾ?"

"ಅದು ಪ್ಲೇಟ್ ಅಲ್ವಾ ಬಾಯಮ್ಮ! ಡಿಸ್ಕ್ ಅಂದ್ರೆ ಇದು. ನೀವು ರಿಮ್ ಅಂತ ಹೇಳುದು, ಅರಬಿಗಳು ರಿಂಗ್ ಅಂತ ಹೇಳುದು. ನಮ್ಮ ಊರಿನ ಗ್ಯಾರೇಜಿನಲ್ಲಿ ಇದಕ್ಕೇ ಡಿಸ್ಕ್ ಅಂತ ಹೇಳುದು."

ಫ್ಯಾನು ಅಷ್ಟು ಜೋರಾಗಿ ತಿರುಗುತ್ತಿದ್ದರೂ ನನ್ನ ಬೆನ್ನು ಬೆವತಿತು.

ನಮ್ಮಪ್ಪ ಹಾಸನದಲ್ಲಿ ರೈಲ್ವೆ ನೌಕರ. ನಾನು ಮಂಗಳೂರಿನಲ್ಲಿ ಹುಟ್ಟಿದ್ದು ಬಿಟ್ಟರೆ ಬೆಳೆದದ್ದೆಲ್ಲ ಹಾಸನದಲ್ಲೇ. ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ, ತುಳು ಎಂದರೆ ನಾಲ್ಕು ಮಾತು. ದೇಜಪ್ಪಣ್ಣ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸುವುದಕ್ಕೆ ಆಫೀಸಿನಲ್ಲಿ ಇದ್ದವಳು ನಾನೊಬ್ಬಳೇ. ಮೇಜಿನ ಮೇಲೆ ಸುಟ್ಟ ಕ್ಲಚ್ಚಿನ ಫೋಟೋ ಇತ್ತು. ಅವರು ಡಿಸ್ಕ್ ಅಂದರು, ನಾನು ಕ್ಲಚ್ ಡಿಸ್ಕ್ ಎಂದು ಬರೆದೆ. ಆಮೇಲೆ ಇನ್ನೊಬ್ಬರು ನನ್ನ ಇಂಗ್ಲಿಷನ್ನು ಅರಬಿಗೆ ಇಳಿಸಿದರು.

ಗೇರ್‌ಬಾಕ್ಸ್ ಬಿಚ್ಚಿ ಕ್ಲಚ್ಚಿನ ಡಿಸ್ಕ್ ಬದಲಿಸಿದ್ದು ನಾನೇ ಎಂದು ಆ ಕಾಗದ ಹೇಳುತ್ತಿದೆ. ಕೆಳಗೆ ದೇಜಪ್ಪಣ್ಣನ ಹೆಸರಿದೆ, ಸಹಿ ಒಂದು ಬಾಕಿ. ಸಹಿ ಬಿದ್ದರೆ ಸುಟ್ಟ ಕ್ಲಚ್ಚು ಅವರ ಕೈಕೆಲಸ, ಮುರಿದ ಶಾಫ್ಟು ಅವರ ಕೈಕೆಲಸ, ಪಾತುವಿನ ಕಾಲೂ ಅವರ ಲೆಕ್ಕಕ್ಕೆ.

ಆಗಲೇ ಹೇಳಬೇಕಿತ್ತು. ದೇಜಪ್ಪಣ್ಣ, ನಾನು ತಪ್ಪು ಬರೆದಿದ್ದೇನೆ, ಕ್ಷಮಿಸಿ. ಐದು ಶಬ್ದ. ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುವವಳು ಒಂದು ಸಾದಾ ಶಬ್ದಕ್ಕೆ ಮುಗ್ಗರಿಸಿದೆ ಎಂದು ಬಾಯಿಬಿಡಲು ನಾಚಿಕೆಯಾಯಿತು. ಮಧ್ಯಾಹ್ನ ಆಫೀಸಿಗೆ ಹೋಗಿ ಹೊಸ ಕಾಗದ ಟೈಪ್ ಮಾಡಿ ಹಳೆಯದನ್ನು ಹರಿದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಮಹಾ ಬುದ್ಧಿವಂತೆ ನಾನು.

ಅಷ್ಟರಲ್ಲಿ ಗಾಜಿನ ಕೋಣೆಯಿಂದ ಕ್ಲೇಟನ್ ಬಂದ. ಗ್ಯಾರೇಜಿನ ಮ್ಯಾನೇಜರ್. ಮೂವತ್ತೈದರ ಆಸುಪಾಸು, ಕಪ್ಪು ಕನ್ನಡಕ ಹಣೆಯ ಮೇಲೆ, ಅತ್ತರಿನ ಘಮ ಅವನಿಗಿಂತ ಎರಡು ಹೆಜ್ಜೆ ಮುಂದೆ. ವಾರಕ್ಕೊಮ್ಮೆ ರೇಸಿನ ಟ್ರ್ಯಾಕಿಗೆ ಹೋಗುವವನು. ಹೋದ ವಾರದಿಂದ ನನ್ನ ಅನುಮಾನವೆಲ್ಲ ಅವನ ಮೇಲೆಯೇ ಇತ್ತು.

"ಮೇಡಂ, ದೇಜಪ್ಪಣ್ಣನ ಸ್ಟೇಟ್‌ಮೆಂಟ್ ನನ್ನ ಹತ್ರ ಉಂಟು. ಸೈನ್ ಮಾಡಿಸ್ಲಾ? ನಮ್ಮ ಪೇಪರ್ ಕೆಲಸದ ಮಂದೂಬ್ ಮೂರು ಗಂಟೆಗೆ ಎಲ್ಲ ಇನ್ಶೂರೆನ್ಸಿಗೆ ತಗೊಂಡು ಹೋಗ್ತಾರೆ. ಇವತ್ತೇ ಖಲಾಸ್ ಆಗ್ತದೆ."

"ಬೇಡ. ನಾಳೆ ಬೆಳಿಗ್ಗೆ ನಾನೇ ಬರ್ತೇನೆ. ಅಲ್ಲಿತನಕ ಇರಲಿ."

"ಯಾಕೆ ಮೇಡಂ? ಏನಾದ್ರೂ ಪ್ರಾಬ್ಲಮ್?"

"ಏನಿಲ್ಲ. ಒಂದು ಸ್ಪೆಲ್ಲಿಂಗ್."

ಸ್ಪೆಲ್ಲಿಂಗ್ ಎಂದೆ! ಅವನು ಹೆಗಲು ಕುಣಿಸಿ ಹೋದ. ದೇಜಪ್ಪಣ್ಣ ಕೈ ಒರೆಸಿಕೊಳ್ಳುತ್ತಿದ್ದರು.

ನಾನು ಟಾರ್ಚ್ ತೆಗೆದುಕೊಂಡು ಕಾರಿನ ಹಿಂದೆ ಬಗ್ಗಿದೆ. ಚಕ್ರದ ಮೇಲಿನ ಕಮಾನಿನ ಒಳಗೆ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ, ಬೆರಳಗಲದ ಒಂದು ಉಜ್ಜಿದ ಗುರುತು. ಸುತ್ತಲೂ ಧೂಳು, ಆ ಗುರುತು ಮಾತ್ರ ಹೊಳೆಯುತ್ತಿತ್ತು. ಈಗಿರುವ ಟಯರಿಗೂ ಅದಕ್ಕೂ ನಡುವೆ ನನ್ನ ನಾಲ್ಕು ಬೆರಳು ಹೋಗುತ್ತಿತ್ತು. ಇನ್ನೊಂದು ಬದಿಯಲ್ಲೂ ಹಾಗೆಯೇ. ಮುಂದಿನ ಚಕ್ರಗಳ ಮೇಲೆ ಮಾತ್ರ ಏನೂ ಇಲ್ಲ.

ಅಂದರೆ ಹಿಂದಿನ ಎರಡು ಚಕ್ರ ಬಿಚ್ಚಿ ದೊಡ್ಡದನ್ನು ಯಾರೋ ಹಾಕಿದ್ದಾರೆ. ಎಗರಿಸಿದ್ದಾರೆ. ಮತ್ತೆ ಹಳೆಯದನ್ನೇ ಹಾಕಿ ಏನೂ ಆಗದ ಹಾಗೆ ಇಟ್ಟಿದ್ದಾರೆ.

ಮೊನ್ನೆ ಆಸ್ಪತ್ರೆಯಲ್ಲಿ ಸುಹೈಬ್ ಅವರನ್ನು ನೋಡಿ ಬಂದಿದ್ದೆ. ಈ ಕಾರು ಅವರ ತೀರಿಕೊಂಡ ಅಣ್ಣನದ್ದು. ಅಣ್ಣ ಹೋದ ಮೇಲೆ ಇದರ ಒಂದು ಸ್ಕ್ರೂ ಕೂಡ ಬದಲಾಗಿಲ್ಲ ಸಿಸ್ಟರ್ ಎಂದು ಮುರುಕು ಹಿಂದಿಯಲ್ಲಿ ಹೇಳಿ, ಪಟ್ಟಿ ಕಟ್ಟದ ಕೈಯಿಂದ ಕಣ್ಣು ಒರೆಸಿಕೊಂಡಿದ್ದರು. ನನಗೂ ಕಣ್ಣು ತುಂಬಿ ಬಂದಿತ್ತು. ಹಾಗಾಗಿ ಆ ಮನುಷ್ಯನನ್ನು ನಾನು ಮತ್ತೊಂದು ಪ್ರಶ್ನೆ ಕೇಳಿರಲಿಲ್ಲ.

"ಡಿಸ್ಕ್ ಬದಲಿಸಿದ್ದು ನೀವೇ?" ಎಂದೆ, ತಲೆ ಎತ್ತದೆ.

"ಹೌದು. ಸರ್ವಿಸಿಗೆ ಬಂದಾಗ ದೊಡ್ಡದು ಹಾಕಿ ಒಮ್ಮೆ ನೋಡಿದೆ. ಎಗರಿಸಿದ್ದೂ ನಾನೇ. ಮತ್ತೆ ತೆಗೆದೆ."

"ಅರವತ್ತನೇ ವಯಸ್ಸಿಗೆ?"

"ಆಸೆ ಆಗ್ಬಾರದಾ?"

ಈಗಷ್ಟೇ ಎರಡು ಸ್ಪಾನರ್ ಕೊಟ್ಟು ನನಗೆ ಪಾಠ ಮಾಡಿದ ಮನುಷ್ಯ! ಈ ಶಾಫ್ಟಿಗೆ ಏನಾಗುತ್ತದೆ ಎಂದು ಇಡೀ ರಾಯ್‌ನಲ್ಲಿ ಇವರಷ್ಟು ಚೆನ್ನಾಗಿ ಗೊತ್ತಿರುವವರು ಇನ್ನೊಬ್ಬರಿಲ್ಲ. ಸುಳ್ಳು ಹೇಳುವುದಕ್ಕೆ ಸ್ವಲ್ಪವೂ ಬಾರದ ಮುಖ ಅದು. ಕಿವಿ ಕೆಂಪಾಗಿತ್ತು.

ಆಗ ಟಾರ್ಚಿನ ಬೆಳಕು ಚಕ್ರದ ನಟ್ಟುಗಳ ಮೇಲೆ ಬಿತ್ತು.

ದೇಜಪ್ಪಣ್ಣನಿಗೆ ಒಂದು ಪದ್ಧತಿ ಉಂಟು. ನಟ್ಟನ್ನು ಸರಿಯಾಗಿ ಬಿಗಿ ಮಾಡಿದ ಮೇಲೆ ಅದರ ಅಂಚಿಗೆ ಹಳದಿ ಪೇಂಟಿನ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾರೆ, ಅರ್ಧ ನಟ್ಟಿನ ಮೇಲೆ, ಅರ್ಧ ಚಕ್ರದ ಮೇಲೆ. ನಟ್ಟು ಸಡಿಲವಾದರೆ ಚುಕ್ಕೆ ಎರಡಾಗಿ ಕಾಣುತ್ತದೆ. ಬೊಟ್ಟು ಇಡುವುದು ಎನ್ನುತ್ತಾರೆ ಅದಕ್ಕೆ. ಗ್ಯಾರೇಜಿನಲ್ಲಿ ಬೇರೆ ಯಾರಿಗೂ ಆ ತಾಳ್ಮೆ ಇಲ್ಲ. ಕ್ಲೇಟನ್ ಅಂತೂ ಬಿಗಿ ಮಾಡಿ ಕೈ ಝಾಡಿಸಿ ನಡೆಯುವವನು.

ಮುಂದಿನ ಚಕ್ರಗಳಲ್ಲಿ ಹಳದಿ ಬೊಟ್ಟು. ಹಿಂದಿನ ಎರಡರಲ್ಲೂ ಬೊಟ್ಟು ಇತ್ತು, ಆದರೆ ಹಳದಿ ಅಲ್ಲ. ನೇರಳೆ ಹಣ್ಣಿನ ಬಣ್ಣ.

ಉಗುರಿನಿಂದ ಒಂದನ್ನು ಕೆರೆದೆ. ಪೇಂಟಾದರೆ ಪುಡಿಯಾಗಿ ಉದುರುತ್ತಿತ್ತು. ಇದು ಸಿಪ್ಪೆಯ ಹಾಗೆ ಇಡಿಯಾಗಿ ಎದ್ದು ಬಂತು, ತೆಳ್ಳಗೆ, ಹೊಳೆಯುತ್ತಾ. ಹೆಂಗಸಾಗಿ ಹುಟ್ಟಿದವಳಿಗೆ ಇದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ಈ ಬೊಟ್ಟು ಇಟ್ಟದ್ದು ಯಾರು ದೇಜಪ್ಪಣ್ಣ?"

"ನಾನೇ."

"ನಿಮ್ಮ ಪೆನ್ನು ಹಳದಿ."

"ಮುಗಿದಿತ್ತು."

"ಅದಕ್ಕೆ ನೇಲ್ ಪಾಲಿಶ್ ಹಚ್ಚಿದ್ರಾ?"

ಅವರು ನನ್ನ ಬೆರಳ ತುದಿಯ ಆ ಚೂರನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಬಳಿಕ ಬಕೆಟ್ಟು ಕವುಚಿ ಹಾಕಿ ಅದರ ಮೇಲೆ ಕುಳಿತುಬಿಟ್ಟರು.

"ಬಾಯಮ್ಮ, ಇದೊಂದು ಕೇಳ್ಬೇಡಿ."

"ಕೇಳದೆ ಇರೋಕಾಗುತ್ತಾ? ಒಬ್ಬ ಹೆಂಗಸು ಕಾಲು ಮುರ್ಕೊಂಡು ಮಲಗಿದ್ದಾಳೆ."

"ಪಾತುವನ್ನು ನಾನು ಎರಡು ಸಲ ಹೋಗಿ ನೋಡಿ ಬಂದೆ. ಗಂಜಿ ಕೊಟ್ಟು ಬಂದೆ. ನನಗೆ ಮನಸ್ಸಾಕ್ಷಿ ಇಲ್ಲ ಅಂತ ಅಲ್ಲ."

"ಹಾಗಾದ್ರೆ ಯಾರನ್ನು ಬಚ್ಚಿಡ್ತಿದ್ದೀರಿ? ನಿಮ್ಮ ಹಾಗೆ ಬೊಟ್ಟು ಇಡ್ಬೇಕಾದ್ರೆ ನಿಮ್ಮ ಹತ್ರ ಕಲಿತವರೇ ಆಗ್ಬೇಕು."

"ಕಲಿತದ್ದು ತಪ್ಪಾ? ಅಷ್ಟು ಚಂದದಲ್ಲಿ, ಒಂದು ನಟ್ಟು ಬಿಡದೆ ಇಟ್ಟಿದೆ ನೋಡಿ. ಗಡಿಬಿಡಿಯಲ್ಲೂ ಮರೀಲಿಲ್ಲ," ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು.

"ದೇಜಪ್ಪಣ್ಣ, ಶುಕ್ರವಾರ ನಿಮಗೆ ಹೋಗ್ಲಿಕ್ಕೆ ಇಲ್ವಾ?"

"ಹೋಗ್ಲಿಕ್ಕೆ ಉಂಟು." ಅವರು ನಕ್ಕರು. "ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ನನ್ನ ರಜೆ ಎಲ್ಲ ಕೂಡಿಸಿದ್ರೆ ನಾನು ಮತ್ತು ರಾಜೀವಿ ಒಟ್ಟಿಗೆ ಇದ್ದದ್ದು ಮೂರು ವರ್ಷವೋ ಏನೋ. ನಾನು ಚಾಯಕ್ಕೆ ಎಷ್ಟು ಸಕ್ಕರೆ ಹಾಕುದು ಅಂತ ಅವಳಿಗೆ ಪ್ರತಿ ಸಲ ಮರೆತು ಹೋಗ್ತದೆ. ಪ್ರತಿ ಸಲ ಕೇಳ್ತಾಳೆ. ಇನ್ನು ಕೇಳ್ಬೇಕು ಅಂತ ಇಲ್ಲ."

"ಅದಕ್ಕೇ ಹೇಳೋದು, ನಿಜ ಹೇಳಿ."

"ನಿಜ ಹೇಳಿದ್ರೆ ನನಗೆ ಹೋಗ್ಲಿಕ್ಕೆ ಆಗ್ತದೆ. ಮತ್ತೊಬ್ಬರಿಗೆ ಇಲ್ಲಿ ಇರ್ಲಿಕ್ಕೆ ಆಗುದಿಲ್ಲ." ಅವರು ಎದ್ದರು. "ನಾನು ಹೇಗೂ ಹೋಗುವವ. ಯಾರಾದ್ರೂ ಬೈಗುಳ ತಿನ್ಬೇಕಾದ್ರೆ ಹೋಗುವವ ತಿಂದ್ರೆ ಒಳ್ಳೇದಲ್ವಾ? ನೀವು ಮನೆಗೆ ಹೋಗಿ ಊಟ ಮಾಡಿ ಬಾಯಮ್ಮ. ಗಂಟೆ ಒಂದೂವರೆ ಆಯ್ತು."

ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಬಹಳ ಕಷ್ಟದ ಕೆಲಸ, ಆದರೂ ಬಂತು. ಆ ನೇರಳೆ ಚೂರನ್ನು ಟಿಶ್ಯೂ ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕಿ ಹೊರಟೆ.

ಆಫೀಸಿಗೆ ಹೋಗಬೇಕಿತ್ತು. ಹೊಸ ಕಾಗದ ಟೈಪ್ ಮಾಡಬೇಕಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಆ ಬಣ್ಣ ಮತ್ತೆ ಕಣ್ಣೆದುರು ಬಂತು. ಎಲ್ಲೋ ನೋಡಿದ ಬಣ್ಣ. ಬಾಟಲಿಯನ್ನು ಕೈಯಲ್ಲಿ ಹಿಡಿದು, ಇಷ್ಟು ಗಾಢ ಯಾಕೆ, ತಿಳಿ ಗುಲಾಬಿ ತಗೋ ಎಂದು ಯಾರಿಗೋ ಹೇಳಿದ ನೆನಪು.

ಹಿಂದಿನ ಕಾರು ಹಾರ್ನ್ ಹೊಡೆಯಿತು. ನಾನು ಎಡಕ್ಕೆ ತಿರುಗಬೇಕಾದವಳು ನೇರ ಬ್ನೇದ್ ಅಲ್ ಗಾರ್‌ಗೆ, ಮನೆಗೆ ಹೋದೆ.

ನನ್ನ ಗಂಡ ಸೈಮನ್‌ಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಸಂಜೆ ಆರರ ತನಕ ಡ್ಯೂಟಿ. ಮನೆಯಲ್ಲಿ ಇದ್ದದ್ದು ಮಗಳೊಬ್ಬಳೇ. ರಿಯೋನಾ, ಮೆಕ್ಯಾನಿಕಲ್ ಎಂಜಿನಿಯರಿಂಗಿನ ಕೊನೆಯ ವರ್ಷ. ಬೇಸಿಗೆಯಲ್ಲಿ ಎರಡು ತಿಂಗಳು ತರಬೇತಿ ಎಂದು ದೇಜಪ್ಪಣ್ಣನ ಕೈಕೆಳಗೆ ಕೆಲಸ ಕಲಿತವಳು. ಕಳಿಸಿಕೊಟ್ಟವಳು ನಾನೇ. ಹೊರಗಿನವರ ಹತ್ತಿರ ಬೇಡ, ದೇಜಪ್ಪಣ್ಣ ಇದ್ದಾರಲ್ಲ ಎಂದು ಸೈಮನ್‌ಗೆ ಹೇಳಿ ಒಪ್ಪಿಸಿದ್ದೂ ನಾನೇ.

"ಮಮ್ಮಾ! ಯು ಆರ್ ಅರ್ಲಿ!" ಎಂದು ಓಡಿ ಬಂದು ನನ್ನ ಚೀಲ ತೆಗೆದುಕೊಂಡಳು. ಮೀನಿನ ಸಾರು ಬಿಸಿ ಮಾಡಿದಳು. ಅನ್ನ ಬಡಿಸಿದಳು. ತಟ್ಟೆಯನ್ನು ನನ್ನ ಕಡೆ ಸರಿಸಿದ ಆ ಪುಟ್ಟ ಕೈಯ ಐದು ಉಗುರೂ ನೇರಳೆ ಹಣ್ಣಿನ ಬಣ್ಣ.

ನಾನು ಟಿಶ್ಯೂ ಬಿಚ್ಚಿ ಆ ಚೂರನ್ನು ಮೇಜಿನ ಮೇಲೆ, ಅವಳ ಹೆಬ್ಬೆರಳಿನ ಪಕ್ಕದಲ್ಲಿ ಇಟ್ಟೆ.

ಅವಳು ನೋಡಿದಳು. ಕುಳಿತಳು. ಸಾರಿನ ಹಬೆ ಆರಿತು.

ನಮ್ಮ ಮನೆಯಲ್ಲಿ ಪ್ರೀತಿಗೆಲ್ಲ ಕೊಂಕಣಿ, ಬೈಯುವುದಕ್ಕೆ ಮಾತ್ರ ನನಗೆ ಹಾಸನದ ಕನ್ನಡವೇ ಬರುವುದು. ಅದು ಅವಳಿಗೆ ಗೊತ್ತು. ನಾನು ಕನ್ನಡದಲ್ಲಿ, "ಯಾವಾಗ?" ಎಂದೆ.

"ಮಮ್ಮಾ, ಐ ವಾಂಟೆಡ್ ಟು ಟೆಲ್ ಯು..."

"ಯಾವಾಗ?"

ಅವಳು ತಲೆ ತಗ್ಗಿಸಿದಳು. ಆಮೇಲೆ, ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಕನ್ನಡದಲ್ಲಿ ಹೇಳಿದಳು. ನನ್ನ ಕನ್ನಡ ಅಲ್ಲ, ದೇಜಪ್ಪಣ್ಣನ ಕನ್ನಡ.

"ಬೊಟ್ಟು ಇಟ್ಟದ್ದು ನಾನು. ಡಿಸ್ಕ್ ಹಾಕಿದ್ದೂ ನಾನೇ. ಆಕ್ಸಿಡೆಂಟಿನ ಮೊದಲಿನ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಫ್ರೆಂಡ್ ಮನೆಗೆ ಹೋಗುದು ಅಂತ ಹೇಳಿದ್ದಲ್ಲ, ಆವತ್ತು."

ಡಿಸ್ಕ್! ಎರಡು ತಿಂಗಳಲ್ಲಿ ಅವಳಿಗೆ ಗೊತ್ತಾದ ಶಬ್ದ ನನಗೆ ಗೊತ್ತಿರಲಿಲ್ಲ.

"ಕಾರು ಎಗರಿಸಿದ್ದೂ ನೀನೇನಾ?"

"ಅಲ್ಲ ಮಮ್ಮಾ! ನಾನು ಸೀಟಿನಲ್ಲಿ ಕೂರಲೇ ಇಲ್ಲ. ಪ್ರಾಮಿಸ್."

"ಮತ್ತೆ ಯಾರು?"

"ಸುಹೈಬ್ ಅಂಕಲ್."

ನಾನು ತಟ್ಟೆ ಸರಿಸಿದೆ.

ಆವತ್ತು ಅವರ ತೀರಿಕೊಂಡ ಅಣ್ಣನ ಹುಟ್ಟುಹಬ್ಬವಂತೆ. ಅಣ್ಣ ರೇಸಿಗೆ ಹಾಕುತ್ತಿದ್ದ ಎರಡು ದೊಡ್ಡ ಚಕ್ರ ರುಮೈಥಿಯಾದ ಮನೆಯಲ್ಲಿ ಬೆಡ್‌ಶೀಟ್ ಹೊದ್ದು ಕುಳಿತಿದ್ದವು. ಅಣ್ಣನ ಹಾಗೆ ಒಂದೇ ಒಂದು ಸಲ ಓಡಿಸಬೇಕು ಎಂದು ಸುಹೈಬ್ ಮೊದಲು ದೇಜಪ್ಪಣ್ಣನನ್ನೇ ಕೇಳಿದ್ದರು. ಶಾಫ್ಟು ತಾಳುವುದಿಲ್ಲ, ನಾನು ಹಾಕುವುದಿಲ್ಲ ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಆಗ ಸುಹೈಬ್‌ಗೆ ಗ್ಯಾರೇಜಿನಲ್ಲಿ ನೋಡಿದ್ದ ನನ್ನ ಮಗಳ ನೆನಪಾಗಿದೆ.

"ನೀನು ಯಾಕೆ ಒಪ್ಪಿದೆ?"

"ಅಂಕಲ್ ಆ ವೀಲನ್ನು ಕೈಯಲ್ಲಿ ಸವರ್ತಾ ಇದ್ರು ಮಮ್ಮಾ. ನಂಗೆ ನೋ ಅನ್ಲಿಕ್ಕೆ ಆಗ್ಲಿಲ್ಲ." ಅವಳ ಕಣ್ಣಿನಿಂದ ನೀರು ಇಳಿಯಿತು. "ಊರಾಚೆ ಖಾಲಿ ರೋಡಿನಲ್ಲಿ ಮೂರು ಸಲ. ಓನ್ಲಿ ತ್ರೀ. ಮೂರನೇ ಸಲ ಆದ ಮೇಲೆ ಸ್ಟೀರಿಂಗಿನ ಮೇಲೆ ತಲೆ ಇಟ್ಟು ಅತ್ತೇ ಬಿಟ್ರು. ನಾನು ಅಲ್ಲಿಯೇ ಹಳೇ ಡಿಸ್ಕ್ ಹಾಕಿ ಟೈಟ್ ಮಾಡಿದೆ. ಪೇಂಟ್ ಪೆನ್ ಇರ್ಲಿಲ್ಲ. ಬೊಟ್ಟು ಇಡದೆ ಕಾರು ಬಿಡ್ಬಾರ್ದು ಅಂತ ದೇಜಪ್ಪ ಅಂಕಲ್ ಹೇಳಿದ್ರಲ್ಲ. ಅದಕ್ಕೆ ಬ್ಯಾಗಿನಲ್ಲಿದ್ದ ಇದು..."

ನಾನು ಎದ್ದು ಹೋಗಿ ಅವಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದೆ. ಬೈಯಬೇಕು ಎಂದು ಬಂದವಳು ನಾನು. ಕಪಾಳಕ್ಕೆ ಒಂದು ಕೊಡಬೇಕು ಎಂದೂ ಅನಿಸಿತ್ತು. ನನ್ನ ಕೈ ಅವಳ ಕೂದಲು ಸವರುತ್ತಿತ್ತು.

"ದೇಜಪ್ಪ ಅಂಕಲ್‌ಗೆ ಗೊತ್ತಾದದ್ದು ಹೇಗೆ?"

"ಕಾರು ಟೋ ಮಾಡಿ ಗ್ಯಾರೇಜಿಗೆ ತಂದಾಗ ಬೊಟ್ಟು ನೋಡಿ. ನಂಗೆ ಫೋನ್ ಮಾಡಿದ್ರು. ಬೈಲಿಲ್ಲ. ನೀನು ಬಾಯಿ ಬಿಟ್ರೆ ಇಲ್ಲಿ ಇರ್ಲಿಕ್ಕೆ ಕೊಟ್ಟ ನಿನ್ನ ಇಕಾಮಾ, ಓದು ಎಲ್ಲ ಹೋಗ್ತದೆ, ನಿನ್ನ ಅಮ್ಮನ ಕೆಲಸವೂ ಹೋಗ್ತದೆ, ನನಗಾದ್ರೆ ಟಿಕೆಟ್ ಉಂಟು ಅಂದ್ರು." ಅವಳು ಮುಖ ಎತ್ತಿದಳು. "ನಾನು ಬಂದು ನಿಜ ಹೇಳ್ತೇನೆ ಮಮ್ಮಾ. ವಿಡಿಯೋ ಉಂಟು. ಸುಹೈಬ್ ಅಂಕಲ್ ಓಡಿಸುದು ಕಾಣ್ತದೆ."

ಒಂದು ಸ್ಕ್ರೂ ಕೂಡ ಬದಲಾಗಿಲ್ಲ ಸಿಸ್ಟರ್ ಎಂದು ಅತ್ತ ಆ ಮುಖ ನೆನಪಾಯಿತು. ಅಳು ನಿಜವಾದದ್ದೇ. ಮಾತು ಮಾತ್ರ ಸುಳ್ಳು. ಯಾಕೆ ಸುಳ್ಳು ಹೇಳಿದರು? ವಿಮೆಯ ಹೆದರಿಕೆಯೋ, ಪಾತುವಿನ ಕಾಲಿನ ಹೆದರಿಕೆಯೋ, ಅಥವಾ ಇದೇ ಹುಡುಗಿಯನ್ನು ಉಳಿಸುವುದಕ್ಕೋ?

ಅದನ್ನು ಆಮೇಲೆ ನೋಡೋಣ ಎಂದುಕೊಂಡೆ. ಮೊದಲು ಆ ಕಾಗದ. ಇನ್ನು ಅಡಗಿಸುವ ಮಾತಿಲ್ಲ. ದೇಜಪ್ಪಣ್ಣನಿಗೆ ಈಗಲೇ ಫೋನ್ ಮಾಡಿ, ನಾನು ತಪ್ಪು ಬರೆದಿದ್ದೇನೆ, ಯಾವುದಕ್ಕೂ ಸಹಿ ಹಾಕಬೇಡಿ ಎಂದು ಹೇಳಬೇಕು. ಗಡಿಯಾರ ನೋಡಿದೆ. ಮೂರೂಕಾಲು.

ಫೋನ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ದೇಜಪ್ಪಣ್ಣ.

"ಬಾಯಮ್ಮ, ಊಟ ಆಯ್ತಾ?"

"ಆಯ್ತು. ದೇಜಪ್ಪಣ್ಣ, ನಾನು ನಿಮಗೆ..."

"ಮಗುವನ್ನು ಬೈಬೇಡಿ ಆಯ್ತಾ. ನೀವು ಆ ಬೊಟ್ಟು ಕೆರೆದಾಗಲೇ ನನಗೆ ಗೊತ್ತಾಯ್ತು, ಇನ್ನು ಅವಳ ಉಗುರು ನಿಮ್ಮ ಕಣ್ಣಿಗೆ ಬೀಳ್ಲಿಕ್ಕೆ ಒಂದು ಗಂಟೆ ಸಾಕು ಅಂತ. ಅದಕ್ಕೆ ನೀವು ಹೋದ ಕೂಡಲೇ ಕ್ಲೇಟನ್ ಹತ್ರ ಹೋದೆ. ಅವ ಬೇಡ, ಮೇಡಂ ಕಾಯ್ಲಿಕ್ಕೆ ಹೇಳಿದ್ದಾರೆ ಅಂದ. ನಾನೇ ಹಟ ಮಾಡಿ ಪೇಪರ್ ತೆಗೆಸಿ ಸಹಿ ಹಾಕಿದೆ. ಮಂದೂಬ್ ತಗೊಂಡು ಹೋಗಿ ಆಯ್ತು. ಇನ್ನು ಯಾರೂ ಯಾರನ್ನೂ ಕೇಳುದು ಬೇಡ."

ರಿಯೋನಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಡಿಸ್ಕ್ ಬದಲಿಸಿದ ತಪ್ಪಿಗೆ ಎಂತ ಮಾಡ್ತಾರೆ? ನಾಲ್ಕು ಬೈತಾರೆ. ಬೈಲಿ," ಎಂದು ಅವರು ನಗುತ್ತಿದ್ದರು. ಅಷ್ಟು ಹಗುರವಾದ ನಗುವನ್ನು ನಾನು ಅವರಿಂದ ಯಾವತ್ತೂ ಕೇಳಿರಲಿಲ್ಲ. "ರಾಜೀವಿಗೂ ಫೋನ್ ಮಾಡಿದೆ. ಶುಕ್ರವಾರ ರಾತ್ರಿಯ ಊಟಕ್ಕೆ ಬರ್ತೇನೆ, ಬಂಗುಡೆ ತಂದಿಡು ಅಂತ ಹೇಳಿದೆ."

"ದೇಜಪ್ಪಣ್ಣ," ಎಂದೆ. "ಆ ಕಾಗದದಲ್ಲಿ ಏನು ಬರೆದಿದೆ ಅಂತ ಯಾರ ಹತ್ರಾದ್ರೂ ಓದಿಸಿ ಕೇಳಿದ್ರಾ?"

"ಎಂತಕ್ಕೆ ಬಾಯಮ್ಮ?" ಎಂದರು ಅವರು. "ಬರೆದದ್ದು ನೀವಲ್ವಾ?"